ಟಿ.ಸಿ.ಗೆ ಕೊರೆದ ಕಿಟಕಿ

ಹನ್ನೊಂದು ದಿನ ನಾನು ಯಾವ ಕಾಲೇಜಿನವಳೂ ಆಗಿರಲಿಲ್ಲ. ಹಳೆಯ ಕಾಲೇಜು ಟಿ.ಸಿ. ಕೊಟ್ಟು ನನ್ನ ಹೆಸರು ಹೊಡೆದುಹಾಕಿತ್ತು. ಕಲಬುರಗಿಯ ಹೊಸ ಕಾಲೇಜು, ಆ ಟಿ.ಸಿ. ಕೈಗೆ ಬರುವವರೆಗೆ ಹೆಸರು ಬರೆದುಕೊಳ್ಳುವುದಿಲ್ಲ ಎಂದಿತ್ತು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು "ಏನ್ ಓದ್ತೀಯವ್ವಾ?" ಎಂದು ಸಹಜವಾಗಿ ಕೇಳಿದರೂ ನನಗೆ ಮೈ ಉರಿಯುತ್ತಿತ್ತು.

ಬಿ.ಎಸ್ಸಿ. ಮೊದಲ ವರ್ಷ ಓದಿದ್ದು ರೈಲಿನಲ್ಲಿ ಹದಿಮೂರು ತಾಸು ದೂರದ ಊರಿನಲ್ಲಿ, ಬೇರೆ ವಿಶ್ವವಿದ್ಯಾಲಯದಲ್ಲಿ. ಹಟ ಮಾಡಿ ಹೋದವಳು ನಾನೇ. ಎರಡನೆಯ ವರ್ಷಕ್ಕೆ ವಾಪಸ್ ಬರುತ್ತೇನೆಂದು ಹಟ ಹಿಡಿದವಳೂ ನಾನೇ. "ನನಗ ಬೇಕಾದ ಸಬ್ಜೆಕ್ಟ್ ಅಲ್ಲಿಲ್ಲ" ಎಂದು ಮನೆಯಲ್ಲಿ ಹೇಳಿದೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಅಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಾಠ ನಡೆಯುವಾಗ ಎದ್ದು ಹೋಗಬೇಕೆನಿಸುತ್ತಿತ್ತು, ಹಾಸ್ಟೆಲಿಗೆ ಹೋದರೆ ಅಲ್ಲಿಂದಲೂ ಎದ್ದು ಹೋಗಬೇಕೆನಿಸುತ್ತಿತ್ತು. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ, ಅದೇ ತೊಂದರೆ. ದೂರಲು ಒಬ್ಬರಾದರೂ ಸಿಕ್ಕಿದ್ದರೆ ಮನೆಯವರಿಗೆ ಕಾರಣ ಹೇಳುವುದು ಸುಲಭವಾಗುತ್ತಿತ್ತು. ಅವ್ವ ಎರಡು ದಿನ ಗೊಣಗಿದಳು. ಅಪ್ಪ ಮಾತ್ರ ಏನನ್ನೂ ಕೆದಕದೆ, "ಹೋಗಿ ಟಿ.ಸಿ. ತಗೊಂಡು ಬಾ. ಕೊನೀ ತಾರೀಖ್ ತಪ್ಪಿಸಬ್ಯಾಡ, ಅಷ್ಟ" ಎಂದ.

ಅಪ್ಪನದು ಕಮಲಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ. ಝೆರಾಕ್ಸ್ ಅವನ ಹೊಟ್ಟೆಪಾಡು, ಲ್ಯಾಮಿನೇಶನ್ ಅವನ ಹುಚ್ಚು. ರೇಷನ್ ಕಾರ್ಡು, ಹೊಲದ ಪಹಣಿ, ಮದುವೆಯ ಫೋಟೊ, ನಾನು ಮೂರನೇ ಇಯತ್ತೆಯಲ್ಲಿ ಬಿಡಿಸಿದ ಕೆಂಪು ಬಾಳೆಗೊನೆಯ ಚಿತ್ರ, ಯಾವುದನ್ನೂ ಅವನು ಬಿಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಹೋಗದೆ ಉಳಿದವರು ನಾನು ಮತ್ತು ಅವ್ವ ಇಬ್ಬರೇ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. "ಹಾಕಿಸಿಬಿಡ್ರೀ, ನೀರು ಬಿದ್ರೂ ಏನಾಗಂಗಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಹಿಂಗೇ ಇರ್ತದ" ಎಂದು ಅವನು ಗಿರಾಕಿಗಳಿಗೆ ಹೇಳುವುದು ನನಗೆ ಬಾಯಿಪಾಠವಾಗಿತ್ತು.

ಟಿ.ಸಿ. ತಂದ ದಿನ ಚೀಲವನ್ನು ಮೂಲೆಗೆಸೆದು ಮಲಗಿಬಿಟ್ಟೆ. ಎದ್ದು ನೋಡಿದರೆ ಮೇಜಿನ ಮೇಲೆ ಟಿ.ಸಿ. ಫಳಫಳ ಹೊಳೆಯುತ್ತಿತ್ತು. ಮಗಳ ಕಾಗದ ಸುಕ್ಕಾಗಬಾರದೆಂದು ಅಪ್ಪ ಇದ್ದುದರಲ್ಲೇ ದಪ್ಪನೆಯ ಪ್ಲಾಸ್ಟಿಕ್ ಹಾಕಿದ್ದ. "ಚೊಲೊ ಮಾಡಿದಿ" ಎಂದು ನಾನೇ ಹೇಳಿದ್ದೆ. ಮುಂದೆ ಆ ಮಾತನ್ನು ಅನುಕೂಲವಾಗಿ ಮರೆತೆ.

ಹೊಸ ಕಾಲೇಜಿನಲ್ಲಿ ಸೀಟು ಖಾಲಿಯಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ವಾರ ಹಿಡಿಯಿತು. ಇದೆ ಎಂದು ಗೊತ್ತಾಗಿ ನಾನು ಕಲಬುರಗಿಗೆ ಓಡಿದಾಗ ಕೊನೆಯ ತಾರೀಖಿಗೆ ಒಂದೇ ದಿನ ಉಳಿದಿತ್ತು. ಪ್ರವೇಶ ವಿಭಾಗದಲ್ಲಿ ನಡುವಯಸ್ಸಿನ ಮೇಡಂ ಒಬ್ಬರು ಕೂತಿದ್ದರು. ನನ್ನ ಟಿ.ಸಿ. ಕೈಗೆ ತೆಗೆದುಕೊಂಡವರೇ ಹಣೆ ಚಚ್ಚಿಕೊಂಡರು.

"ಅರೆ ಬೇಟಾ, ಇದಕ್ಯಾರು ಪ್ಲಾಸ್ಟಿಕ್ ಹಾಕ್ಯಾರ? ಇದರ ಹಿಂದ ನಂಬರ್ ಬರೀಬೇಕು, ಸಾಹೇಬ್ರ ಸಹಿ ಆಗಬೇಕು, ಸಿಕ್ಕಾ ಬಡೀಬೇಕು. ಪ್ಲಾಸ್ಟಿಕ್ ಮ್ಯಾಲ ಸಿಕ್ಕಾ ನಿಲ್ತದೇನು?"

ನಂಬಿಕೆ ಬರಲೆಂದು ಅವರೇ ಸಿಕ್ಕಾ ಒತ್ತಿ, ಹೆಬ್ಬೆರಳಿನಿಂದ ಒರೆಸಿ ತೋರಿಸಿದರು. ನೇರಳೆ ಶಾಯಿ ಪೂರ್ತಿ ಬೆರಳಿಗೆ ಬಂತು. ವರಾಂಡಕ್ಕೆ ಹೋಗಿ ಹಳೆಯ ಕಾಲೇಜಿಗೆ ಫೋನ್ ಮಾಡಿದೆ. ನಕಲು ಬೇಕೆಂದರೆ ಅರ್ಜಿ, ಅಫಿಡವಿಟ್, ಕಡಿಮೆಯೆಂದರೂ ಹದಿನೈದು ದಿನ ಎಂದರು. ತಿರುಗಿ ಬಂದಾಗ ಮೇಡಂ ಮುಖ ನೋಡಿಯೇ ತಿಳಿದುಕೊಂಡರು.

"ನಾಳೆ ಐದಕ್ಕ ಬಂದ್ ಆಗ್ತದ. ಆಮ್ಯಾಲ ಮುಂದಿನ ವರ್ಷಾನೇ ನೋಡು. ಹಿಂದಿನ ಬಾಜು ಇಷ್ಟು ಜಾಗಾ ಬಿಚ್ಚಿಸಿಕೊಂಡು ಬಂದ್ರ ನಾ ಸಾಹೇಬ್ರಿಗಿ ಹೇಳ್ತೀನಿ," ಎಂದು ನಾಲ್ಕು ಬೆರಳಿಟ್ಟು ಅಳತೆ ತೋರಿಸಿದರು. "ಕಾಗದ ಹರೀಬಾರದು ಮತ್ತ. ಹರಿದ್ರ ನನ್ನ ಕೈಯಾಗೂ ಇಲ್ಲ."

ಒಂದು ವರ್ಷ. ಕಮಲಾಪುರಕ್ಕೆ ಬರುವ ಬಸ್ಸಿನಲ್ಲಿ ಅದೊಂದೇ ಲೆಕ್ಕ ತಲೆಯಲ್ಲಿ ತಿರುಗುತ್ತಿತ್ತು. ಸೀಟು ಸಿಕ್ಕಿದ್ದರೂ ಅರ್ಧ ದಾರಿ ನಿಂತೇ ಬಂದೆ. ಇಳಿದವಳು ನೇರ ಅಂಗಡಿಗೆ ನುಗ್ಗಿದೆ. ಇಬ್ಬರು ಗಿರಾಕಿಗಳಿದ್ದರು, ನಾನು ಲೆಕ್ಕಿಸಲಿಲ್ಲ.

"ಒಂದು ಮಾತು ಕೇಳಬೇಕಿತ್ತಿಲ್ಲೋ ನನಗ? ಕಾಲೇಜಿನ ಕಾಗದ ಅಂದ್ರ ನಿನಗೇನ್ ಗೊತ್ತದ? ಕಾಲೇಜಿನ ಕಟ್ಟೀನರೆ ಹತ್ತಿಯೇನು ನೀ?"

ಗಿರಾಕಿಗಳು ನೆಲ ನೋಡತೊಡಗಿದರು. ಅಪ್ಪ ಟಿ.ಸಿ.ಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದ. "ಎಷ್ಟು ಜಾಗಾ ಬೇಕಂತ?" ಎಂದು ಮಾತ್ರ ಕೇಳಿದ. ನಾನು ನಾಲ್ಕು ಬೆರಳು ತೋರಿಸಿದೆ.

ಮರುದಿನ ಕಮಲಾಪುರದ ಸಂತೆ. ಸಂತೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಪ್ಪ ಬೆಳಿಗ್ಗೆಯೇ ಶಟರ್ ಅರ್ಧ ಇಳಿಸಿ, ಮನೆಯಿಂದ ಇಸ್ತ್ರಿಪೆಟ್ಟಿಗೆ ತರಿಸಿ, ಹೊಸ ಬ್ಲೇಡು ಬಿಚ್ಚಿದ. ಆಮೇಲೆ ಕೆಳಗಿನ ಖಾನೆಯ ತಳದಿಂದ ಹಳದಿಗಟ್ಟಿದ ಲ್ಯಾಮಿನೇಶನ್ ಒಂದನ್ನು ತೆಗೆದ. "ಮೊದಲ ಇದರ ಮ್ಯಾಲ ಕೈ ಪಳಗಿಸ್ತೀನಿ" ಎಂದ.

ಅದನ್ನು ಮಗುಚಿ ಹಾಕುವ ಮೊದಲು ನಾನು ಓದಿಬಿಟ್ಟೆ. ಅದೂ ಟಿ.ಸಿ.ಯೇ. ಒಂದು ಡಿಗ್ರಿ ಕಾಲೇಜಿನದು. ಹೆಸರಿದ್ದದ್ದು ಅಪ್ಪನದು, ತರಗತಿ ಬಿ.ಎ. ಮೊದಲ ವರ್ಷ. ಬಿಡಲು ಕಾರಣ: ಬೇರೆ ಕಡೆ ವ್ಯಾಸಂಗ ಮುಂದುವರಿಸಲು. ನನ್ನ ಟಿ.ಸಿ.ಯಲ್ಲೂ ಇದ್ದದ್ದು ಅದೇ ಮಾತು. ಅಪ್ಪ ಹತ್ತನೇ ಇಯತ್ತೆಗೇ ಓದು ಬಿಟ್ಟ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ, ಅವನೂ ತಿದ್ದಿರಲಿಲ್ಲ. ಮೂಲ ಟಿ.ಸಿ.ಯನ್ನು ಹೊಸ ಕಾಲೇಜು ಇಟ್ಟುಕೊಳ್ಳುತ್ತದೆ, ಮರಳಿ ಕೊಡುವುದಿಲ್ಲ. ಅದು ಮನೆಯಲ್ಲೇ ಉಳಿದಿದೆ ಎಂದರೆ ಮುಂದೆ ಎಲ್ಲಿಯೂ ಸೇರಲಿಲ್ಲ ಎಂದೇ ಅರ್ಥ.

"ಇದನ್ನ ಯಾಕ ಕೊಡಲಿಲ್ಲ ಅಪ್ಪಾ?"

"ಕಲಬುರಗಿ ಕಾಲೇಜಿಗಿ ಅಂತ ತಗೊಂಡಿದ್ದೆ. ಹೋಗೂದ್ರಾಗ ಎರಡು ದಿನ ತಡ ಆಗಿತ್ತು. ಮುಂದಿನ ವರ್ಷ ಕೊಟ್ರಾಯ್ತು ಅಂದೆ." ಅವನು ಬ್ಲೇಡಿನಿಂದ ಕಣ್ಣು ತೆಗೆಯಲಿಲ್ಲ. "ಈ ಮೆಷಿನ್ ತಂದ ದಿನ ಮೊದಲು ಹಾಕಿದ್ದು ಇದನ್ನೇ. ಇಸ್ತ್ರಿ ಕೊಡಿಲ್ಲಿ."

ಮೊದಲ ಸಲ ಬ್ಲೇಡು ಆಳಕ್ಕಿಳಿದು ಕಾಗದ ತೂತಾಯಿತು. ಎರಡನೆಯ ಸಲ ಇಸ್ತ್ರಿಯ ಬಿಸಿ ಆರಿದ ಮೇಲೆ ಎಳೆದದ್ದಕ್ಕೆ ಕಾಗದವೂ ಆರಪಾರ ಕಿತ್ತು, ಮುಂಬದಿಯಲ್ಲಿದ್ದ ಪ್ರಿನ್ಸಿಪಾಲರ ಸಹಿ ಅರ್ಧ ಹೋಯಿತು. ನನಗೆ ನೋಡಲಾಗದೆ "ಸಾಕು ಬಿಡಪ್ಪಾ" ಎಂದೆ. "ಸುಮ್ನಿರು" ಎಂದ. ಮೂರನೆಯ ಸಲ ಬಿಸಿ ಇರುವಾಗಲೇ ಮೂಲೆ ಎತ್ತಿ ಮೆಲ್ಲಗೆ ಸುಲಿದ. ಪ್ಲಾಸ್ಟಿಕ್ ಮಾತ್ರ ಬಂತು. ಆಮೇಲೆ ಕೈಯನ್ನು ಅಂಗಿಗೆ ಒರೆಸಿಕೊಂಡು ನನ್ನ ಟಿ.ಸಿ.ಯನ್ನು ಎಳೆದುಕೊಂಡ. ನಾನು ಶಟರ್ ಹೊರಗೆ ಹೋಗಿ ನಿಂತೆ, ಒಳಗೆ ಬಂದೆ, ಮತ್ತೆ ಹೋದೆ. ಕರೆದಾಗ ನೋಡಿದರೆ ಹಿಂಬದಿಯಲ್ಲಿ ನಾಲ್ಕು ಬೆರಳಗಲದ ಕಿಟಕಿ, ಒಳಗೆ ಸ್ವಲ್ಪ ಒರಟಾದ ಕಾಗದ. ಎಲ್ಲಿಯೂ ಹರಿದಿರಲಿಲ್ಲ.

ಶಟರ್ ಪೂರ್ತಿ ಇಳಿಸಿ ಅಪ್ಪನೂ ಬಸ್ಸಿನಲ್ಲಿ ಜೊತೆಗೆ ಬಂದ. ನಿನ್ನೆ ಅಂದ ಮಾತಿಗೆ ತಪ್ಪಾಯಿತು ಎನ್ನಲು ಎರಡು ಸಲ ಅವನ ಕಡೆ ತಿರುಗಿದೆ, ಎರಡು ಸಲವೂ ಕೈಯಲ್ಲಿದ್ದ ಟಿಕೆಟ್ ಮಡಚುತ್ತ ಕೂತೆ. ಇವತ್ತಿನವರೆಗೂ ಹೇಳಿಲ್ಲ.

ಮೇಡಂ ಕಿಟಕಿ ನೋಡಿ ನಕ್ಕುಬಿಟ್ಟರು. ನಂಬರು, ಸಹಿ ಎಲ್ಲ ಆಗಿ, ಸಿಕ್ಕಾ ಆ ಚೌಕದೊಳಗೆ ಸರಿಯಾಗಿ ಕೂತಿತು. ಟಿ.ಸಿ.ಯನ್ನು ಅವರು ಫೈಲಿಗೆ ಸೇರಿಸಿ ಬೀರುವಿನಲ್ಲಿಟ್ಟರು. ಗಡಿಯಾರದಲ್ಲಿ ಮೂರೂವರೆ.

ಹೊರಗೆ ಬಂದೆ. ಅಪ್ಪ ಕಾಲೇಜಿನ ಮೆಟ್ಟಿಲ ಕೆಳಗೇ ನಿಂತಿದ್ದ. ಒಂದು ಮೆಟ್ಟಿಲನ್ನೂ ಹತ್ತಿರಲಿಲ್ಲ.

"ಇಟ್ಕೊಂಡ್ರಾ?"

"ಇಟ್ಕೊಂಡ್ರು."

"ವಾಪಸ್ ಕೊಡಲಿಲ್ಲಲ್ಲ?"

"ಇಲ್ಲಪ್ಪಾ."

ನನ್ನ ಖಾಲಿ ಕೈಗಳನ್ನು ಅವನು ಒಮ್ಮೆ ನೋಡಿದ. "ಹಂಗಾದ್ರ ಆಯ್ತು," ಎಂದ. "ನಡಿ, ಸಂತಿ ಇನ್ನೂ ಮುಗಿದಿರಂಗಿಲ್ಲ."