ಸೌಲಭ್ಯಗಳ ನಡುವೆ ಉಳಿವೆಪ್ಪ ಮಾಸ್ತರರು

ಉಳಿವೆಪ್ಪ ಮಾಸ್ತರರನ್ನು ಮೊದಲ ಸಲ ನೋಡಿದಾಗ ನಾನು ಅವರನ್ನು ಗೌಂಡಿ ಎಂದುಕೊಂಡಿದ್ದೆ. ರಾಜ್ಯೋತ್ಸವದ ಭಾಷಣಕ್ಕೆಂದು ಇಸ್ತ್ರಿ ಅಂಗಿ ತೊಟ್ಟು ಆ ಹೈಸ್ಕೂಲಿಗೆ ಹೋಗಿದ್ದೆ. ಗೇಟಿನ ಒಳಗೆ ಒಬ್ಬರು ಹೆಗಲಿಗೆ ಹಗ್ಗ ಹಾಕಿಕೊಂಡು, ಕೈತುಂಬ ಸುಣ್ಣದ ಪುಡಿ ಮೆತ್ತಿಕೊಂಡು, ಮರಳಿನ ಗುಡ್ಡೆಯ ಪಕ್ಕ ಟ್ರ್ಯಾಕ್ಟರಿನವನ ಜೊತೆ ವಾದಿಸುತ್ತಿದ್ದರು. ನಮ್ಮ ಹಿತ್ತಲ ಗೋಡೆ ಬಿದ್ದು ಬಹಳ ದಿನವಾಗಿತ್ತು. ಯಾವಾಗ ಬಂದು ಕಟ್ಟಿಕೊಡುತ್ತೀರಿ ಎಂದು ಕೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ. ತಾನು ಶಾಲೆಯ ಪಿ.ಟಿ. ಮಾಸ್ತರ, ಮರಳು ಖೋಖೋ ಅಂಕಣದ ಮೇಲೆ ಬಿದ್ದಿದೆ, ತೆಗೆಯಲು ಹೇಳುತ್ತಿದ್ದೇನೆ ಎಂದರು. ಹೀಗೆ ಕೇಳಿದವರಲ್ಲಿ ನಾನು ಮೊದಲಿಗನಲ್ಲ ಎಂಬುದು ಅವರ ದನಿಯಲ್ಲೇ ತಿಳಿಯುತ್ತಿತ್ತು.

ಹಿರೇಕೆರೂರಿನಿಂದ ಹಂಸಭಾವಿಯ ಕಡೆಗೆ ಹೋಗುವಾಗ ಆ ಊರು ಸಿಗುತ್ತದೆ. ಹೆಸರು ಬರೆಯುವುದಿಲ್ಲ. ಊರಿನ ಹೆಸರು ಬರೆದರೆ ಶಾಲೆಯ ದಾನಿಗಳ ಹೆಸರನ್ನೂ ಬರೆಯಬೇಕಾಗುತ್ತದೆ, ಅಷ್ಟು ಜಾಗ ಇಲ್ಲಿಲ್ಲ. ಶಾಲೆ ಶುರುವಾದದ್ದು ಒಬ್ಬರ ಹತ್ತಿಯ ಗೋದಾಮಿನಲ್ಲಿ. ಆಮೇಲೆ ಯಾರೋ ಪುಣ್ಯಾತ್ಮರು ಊರ ಹೊರಗಿನ ಹೊಲವನ್ನು ಬಿಟ್ಟುಕೊಟ್ಟರು. ಉಳಿವೆಪ್ಪನವರು ನೌಕರಿಗೆ ಬಂದಾಗ ಅಲ್ಲಿ ಕೆಲವೇ ಖೋಲಿಗಳಿದ್ದವು, ಉಳಿದದ್ದೆಲ್ಲ ಮೈದಾನ. ಆ ತುದಿಯಲ್ಲಿ ಸೀಟಿ ಊದಿದರೆ ಈ ತುದಿಯ ಹುಡುಗರಿಗೆ ಕೇಳಿಸುತ್ತಿರಲಿಲ್ಲವಂತೆ.

ನಂತರ ಸೌಲಭ್ಯಗಳು ಬರತೊಡಗಿದವು. ಹಿರಿಯರೊಬ್ಬರ ಸ್ಮರಣಾರ್ಥ ರಂಗಮಂಚ ಬಂತು. ಇನ್ನೊಬ್ಬರ ಸ್ಮರಣಾರ್ಥ ವಾಚನಾಲಯ. ಬಿಸಿಯೂಟದ ಕೋಣೆ, ಸೈಕಲ್ಲುಗಳಿಗೆ ಶೆಡ್ಡು, ಕಂಪ್ಯೂಟರ್ ಕೋಣೆ, ಕುಡಿಯುವ ನೀರಿನ ಘಟಕ. ಎಲ್ಲದಕ್ಕೂ ಒಂದೊಂದು ಕಲ್ಲು, ಕಲ್ಲಿನ ಮೇಲೆ ಹೆಸರು. ಫ್ಯಾನಿನ ರೆಕ್ಕೆಗಳ ಮೇಲೂ ಹೆಸರುಗಳಿವೆ. ದಾನಿಗಳು ಬರುವ ದಿನ ಓದಲು ಅನುಕೂಲವಾಗಲಿ ಎಂದು ಫ್ಯಾನು ನಿಲ್ಲಿಸುತ್ತಾರೆ. ಕಲ್ಲು ಹೆಚ್ಚಿದಂತೆ ಆಟ ಸಣ್ಣದಾಗುತ್ತ ಬಂತು. ಮೊದಲು ಓಟದ ಪಥ ಹೋಯಿತು. ಆಮೇಲೆ ಫುಟ್‌ಬಾಲ್. ವಾಲಿಬಾಲ್ ಬಲೆಯ ಒಂದು ತುದಿಯನ್ನು ಕೆಲಕಾಲ ವಾಚನಾಲಯದ ಕಿಟಕಿಗೆ ಕಟ್ಟಿ ನಡೆಸಿದರು, ಗಾಜು ಒಡೆದ ಮೇಲೆ ಅದೂ ನಿಂತಿತು. ಕೊನೆಗೆ ಉಳಿದದ್ದು ಖೋಖೋ ಅಂಕಣ ಒಂದೇ. ಅದನ್ನು ಉಳಿಸಿಕೊಳ್ಳುವುದೇ ಮಾಸ್ತರರ ನೌಕರಿಯಾಯಿತು.

ಆ ಅಂಕಣದಲ್ಲಿ ಪೂಜಾ ಎಂಬ ಹುಡುಗಿಯ ತಂಡ ತಯಾರಾಗಿ, ಈ ವರ್ಷ ತಾಲೂಕಿನಲ್ಲಿ ಗೆದ್ದಿತು. ಮುಂದೆ ಹಾವೇರಿಯಲ್ಲಿ ಜಿಲ್ಲಾ ಪಂದ್ಯ. ಅಷ್ಟು ದೂರ ಆ ಶಾಲೆಯಿಂದ ಯಾವ ತಂಡವೂ ಹೋಗಿರಲಿಲ್ಲ. ಆ ವಾರವೇ ಹಳೆಯ ವಿದ್ಯಾರ್ಥಿ, ಈಗ ಶಿಗ್ಗಾವಿಯಲ್ಲಿ ಸಿಮೆಂಟಿನ ವ್ಯಾಪಾರಿಯಾಗಿರುವ ಪ್ರಶಾಂತ, ಶಾಲೆಯ ಸನ್ಮಾನ ಸಮಾರಂಭದಲ್ಲಿ ಹೂವಿನ ಹಾರದ ಹಿಂದಿನಿಂದ ಘೋಷಣೆ ಮಾಡಿದರು: ಕ್ರೀಡೆಗೆ ಪ್ರೋತ್ಸಾಹ ಬೇಕು, ಆದ್ದರಿಂದ ತಂದೆಯವರ ಸ್ಮರಣಾರ್ಥ ಪ್ರೇಕ್ಷಕರಿಗೊಂದು ಗ್ಯಾಲರಿ. ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದುದರಿಂದ ನಾನೂ ತಟ್ಟಿದೆ. ಗ್ಯಾಲರಿಗೆ ಜಾಗ ಒಂದೇ ಇತ್ತು.

ಮಾಸ್ತರರು ಕಮಿಟಿಯವರ ಹತ್ತಿರ ಹೋದರು. ಅವರು ಹೇಳಿದ್ದೆಲ್ಲ ಖರೆ ಎಂದು ಕಮಿಟಿ ಒಪ್ಪಿ, ಚಹಾ ಕುಡಿಸಿ ಕಳಿಸಿತು. ಮುಖ್ಯೋಪಾಧ್ಯಾಯಿನಿ ಸುಶೀಲಾ ಮೇಡಂ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದರು.

"ಬ್ಯಾಡ ಅನ್ನಾಕ ನನಗೂ ಬಾಯಿ ಐತ್ರಿ ಮಾಸ್ತರ. ಆದ್ರ ಮಳಿಗಾಲದಾಗ ಸೋರೂ ಖೋಲಿಗೆ ತಗಡು ಕೇಳಾಕ ಮತ್ತ ಅವ್ರ ಮನಿಗೇ ಹೋಗಬೇಕಲ್ರಿ, ಯಾವ ಮಾರಿ ತಗೊಂಡು ಹೋಗ್ಲಿ?"

"ಪಂದ್ಯಾ ಮುಗಿಯೂತನಕಾದ್ರೂ ತಡೀರಂತ ಹೇಳ್ರಿ."

"ಹೇಳೇನ್ರಿ. ಮುಹೂರ್ತ ತಪ್ಪತೈತಂತ."

ಭೂಮಿಪೂಜೆಯ ಹಿಂದಿನ ದಿನ ಮಾಸ್ತರರೇ ಅಂಕಣದ ಎರಡೂ ತುದಿಯ ಕಂಬಗಳನ್ನು ಅಗೆದು ತೆಗೆದರು. ಬೇರೆಯವರು ತೆಗೆದರೆ ಮುರಿಯುತ್ತಾರೆ ಎಂಬ ಭಯ. ಹುಡುಗಿಯರು ಆ ಕಂಬಗಳನ್ನು ಹೊತ್ತುಕೊಂಡು ಅವರ ಹಿಂದೆ ಊರೊಳಗಿನ ಸಂತೆಯ ಬಯಲಿಗೆ ನಡೆದರು. ಕುಲಸುಮಬಿ ಎಂಬ ಹುಡುಗಿ, ಯಾರ ಮನೆಯ ಹಂದರಕ್ಕೆ ಹೊಂಟೇವಂತ ಜನ ಕೇಳಾಕತ್ತಾರ್ರಿ ಸರ್ ಎಂದಳು. ಎಲ್ಲರೂ ನಕ್ಕರು. ಮಾಸ್ತರರು ನಕ್ಕರೋ ಇಲ್ಲವೋ ಗೊತ್ತಿಲ್ಲ, ಅವರು ಮುಂದೆ ಇದ್ದರು.

ಸಂತೆಯ ಬಯಲಿನ ಎರಡೂ ಕಡೆ ಕಾಯಿಪಲ್ಯೆ ಮಾರುವ ಕಲ್ಲಿನ ಕಟ್ಟೆಗಳು. ನಡುವೆ ಇದ್ದ ಜಾಗಕ್ಕೆ ಪೂರ್ತಿ ಅಂಕಣ ಹಿಡಿಯಲಿಲ್ಲ. ಕಂಬಗಳನ್ನು ಹತ್ತಿರ ಹತ್ತಿರ ನೆಟ್ಟರು. ಬೇರೆ ದಾರಿಯಿರಲಿಲ್ಲ. ಹುಡುಗಿಯರು ಕೊಳೆತ ಟೊಮೆಟೊ ಬಳಿದು ಎಸೆದು, ದನ ಅಟ್ಟಿ, ಪಂದ್ಯದ ಹಿಂದಿನ ಸಂಜೆಯವರೆಗೂ ಅಲ್ಲೇ ಆಡಿದರು.

ಹಾವೇರಿಯಲ್ಲಿ ಎದುರಾದದ್ದು ಸವಣೂರು ತಾಲೂಕಿನ ತಂಡ. ಕೊನೆಯ ಸರದಿಯ ತನಕ ಸಮಸಮ ಇತ್ತು. ಪೂಜಾ ಬೆನ್ನಟ್ಟಿ ಓಡಿದಳು, ಎಂದಿನಂತೆ ಕಂಬ ಹಿಡಿದು ಗಿರಕ್ಕನೆ ತಿರುಗಲು ಕೈ ಚಾಚಿದಳು. ಕಂಬ ಅಲ್ಲಿರಲಿಲ್ಲ, ಇನ್ನೂ ಒಂದು ಮಾರು ಮುಂದಿತ್ತು. ಕಾಲು, ಕೈ ಎಲ್ಲ ಸಂತೆಯ ಬಯಲಿನ ಲೆಕ್ಕಕ್ಕೆ ಹೊಂದಿಕೊಂಡುಬಿಟ್ಟಿದ್ದವು. ಅವಳು ಮುಗ್ಗರಿಸಿ ಏಳುವಷ್ಟರಲ್ಲಿ ಎದುರಿನವಳು ಕೈಗೆ ಸಿಗದೆ ದಾಟಿದ್ದಳು, ಸೀಟಿ ಆಯಿತು. ಒಂದು ಅಂಕದಲ್ಲಿ ಸೋತರು. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು, ನನಗ ಕಂಬ ಕಾಣಲಿಲ್ಲೇನ್ರಿ ಸರ್ ಎಂದು ಮತ್ತೆ ಮತ್ತೆ ಕೇಳಿದಳಂತೆ. ನಿಂದೇನೂ ತಪ್ಪಿಲ್ಲವ್ವಾ ಎಂದು ಹೇಳಿ ಸಾಕಾಯಿತು ಎಂದು ಮಾಸ್ತರರು ನನ್ನ ಮುಂದೆ ಹೇಳಿದರು. ಅವಳದು ಹತ್ತನೇ ಇಯತ್ತೆ. ಮುಂದಿನ ವರ್ಷ ಅವಳು ಆ ಶಾಲೆಯಲ್ಲಿ ಇರುವುದಿಲ್ಲ.

ಗ್ಯಾಲರಿ ಮಾತ್ರ ಹೇಳಿದ ದಿನಕ್ಕೆ ಮುಗಿಯಿತು. ನೆರಳಿಗೆ ನೀಲಿ ತಗಡು, ಕೂರಲು ಮೆಟ್ಟಿಲು, ಮೆಟ್ಟಿಲಿಗೆಲ್ಲ ಫರಸಿ ಕಲ್ಲು. ಮೇಲಿನ ಮೆಟ್ಟಿಲಲ್ಲಿ ಕೂತರೆ ಎದುರಿಗೆ ಕಂಪ್ಯೂಟರ್ ಕೋಣೆಯ ಗೋಡೆ ಸ್ಪಷ್ಟವಾಗಿ ಕಾಣುತ್ತದೆ. ನಡುವೆ ಒಂದು ಸೈಕಲ್ಲು ಹೋಗಬಹುದು. ಉದ್ಘಾಟನೆಗೆ ನನ್ನನ್ನೂ ಕರೆದಿದ್ದರು, ಕ್ರೀಡೆ ಮತ್ತು ಸಾಹಿತ್ಯ ಎಂಬ ವಿಷಯದ ಮೇಲೆ ಮಾತನಾಡಿದೆ. ಗೋಡೆ ಗಮನವಿಟ್ಟು ಕೇಳಿತು.

ಪ್ರಶಾಂತ ಅವರು ಸಂತೋಷದಿಂದ ಉಬ್ಬಿದ್ದರು. ಕೆಟ್ಟ ಮನುಷ್ಯರಲ್ಲ, ಆ ದಿನ ತಂದೆಯನ್ನು ನೆನೆದು ಕಣ್ಣು ಒರೆಸಿಕೊಂಡದ್ದೂ ಖರೆ. ಹೆಣ್ಣುಮಕ್ಕಳು ಜಿಲ್ಲೆಯಲ್ಲಿ ಸೋತದ್ದು ತಮಗೆ ನೋವು ತಂದಿದೆ, ಸೌಲಭ್ಯದ ಕೊರತೆಯಿಂದ ಇನ್ನೊಮ್ಮೆ ಹಾಗಾಗಬಾರದು ಎಂದು ಹೇಳಿ, ಹಿಂದಿನ ಸಾಲಿನಲ್ಲಿ ನಿಂತಿದ್ದ ಉಳಿವೆಪ್ಪನವರನ್ನು ವೇದಿಕೆಗೆ ಕರೆಸಿದರು. ಶಾಲು ಹೊದಿಸಿದರು. ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದರು.

"ನಾಚ್ಕೋಬ್ಯಾಡ್ರಿ ಮಾಸ್ತರ, ಮನಸಿನ್ಯಾಗಿಂದು ಹೇಳ್ರಿ. ನಿಮ್ಮ ಹುಡುಗ್ಯಾರು ಗೆಲ್ಲಬೇಕಂದ್ರ ಇನ್ನೂ ಏನು ಕಟ್ಟಿಸಿಕೊಡ್ಲಿ?"

ಮಾಸ್ತರರು ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

"ಏನೂ ಕಟ್ಟಸಬ್ಯಾಡ್ರಿ. ಯಾವುದಾರ ಒಂದು ಕೆಡವಿ ಕೊಡ್ರಿ."