ಅಲುಗಾಡದ ಆಯಿ

ಸ್ಪಿರಿಟ್ಟಿನ ವಾಸನೆ ಎಲ್ಲಿ ಬಂದರೂ ನನಗೆ ಆಲಮೇಲದ ನಮ್ಮ ಮನೆಯ ಕತ್ತಲೆ ಕೋಣೆ ನೆನಪಾಗುತ್ತದೆ. ಊರಿಗೆ ರೋಲ್ ಕ್ಯಾಮೆರಾ ಬಂದು ಎಷ್ಟೋ ವರ್ಷವಾಗಿದ್ದರೂ ದೊಡ್ಡಪ್ಪ ತನ್ನ ಅಜ್ಜನ ಕಾಲದ ಮರದ ಕ್ಯಾಮೆರಾ ಬಿಟ್ಟಿರಲಿಲ್ಲ. ಗಾಜಿನ ಮೇಲೆ ಸ್ಪಿರಿಟ್ಟು ನಾರುವ ಅಂಟಂಟು ಔಷಧ ಹೊಯ್ದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಒಣಗುವುದರೊಳಗೆ ಫೋಟೊ ತೆಗೆಯಬೇಕು. ಎದುರಿಗೆ ಕುಳಿತವರು ಮಸೂರ ತೆರೆದಿರುವಷ್ಟು ಹೊತ್ತೂ ಉಸಿರು ಬಿಗಿಹಿಡಿದಂತೆ ಇರಬೇಕು. ಅವನ ಬೆರಳುಗಳು ಸದಾ ಕಪ್ಪಗಿರುತ್ತಿದ್ದವು. ಮನೆಯವರೆಲ್ಲ ಒಬ್ಬೊಬ್ಬರಾಗಿ ಆ ಗಾಜಿನೊಳಗೆ ಇಳಿದೆವು. ಇಳಿಯದವಳೆಂದರೆ ಅವನ ತಾಯಿಯೇ, ನಮ್ಮ ಆಯಿ.

ಆಯಿಗೆ ಸುಮ್ಮನೆ ಕೂಡುವುದೇ ಬರುತ್ತಿರಲಿಲ್ಲ. ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಅಂಗಳದ ಕುರ್ಚಿಯ ಮೇಲೆ ಗಂಭೀರವಾಗಿ ಕೂಡುವಳು, ದೊಡ್ಡಪ್ಪ ಮಸೂರದ ಮುಚ್ಚಳ ತೆಗೆದನೋ ಇಲ್ಲವೋ, "ಏ, ಆಕಳ ಶೇಂಗಾಕ್ಕ ಬಾಯಿ ಹಾಕೇತಿ ನೋಡ್ರೋ!" ಎಂದು ಅರ್ಧ ಏಳುವಳು. "ಯವ್ವಾ, ಒಂದೀಟು ಅಲುಗಾಡಬ್ಯಾಡ ಅಂದ್ರ ತಿಳಿಯಂಗಿಲ್ಲೇನು?" ಎಂದು ದೊಡ್ಡಪ್ಪ ಹಲ್ಲು ಕಡಿಯುತ್ತಿದ್ದ. ಗಾಜಿನಲ್ಲಿ ಸೀರೆ ಸ್ಪಷ್ಟ, ಕುರ್ಚಿ ಸ್ಪಷ್ಟ; ಮುಖವಿರಬೇಕಾದಲ್ಲಿ ಬಿಳಿ ಹೊಗೆ. ಗಾಜು ಸಿಗುವುದು ಕಷ್ಟವಾಗಿತ್ತು. ಕೆಟ್ಟದ್ದನ್ನೆಲ್ಲ ಅವನು ಕೆರೆದು, ತೊಳೆದು, ಮತ್ತೆ ಬಳಸುತ್ತಿದ್ದ.

ಆಯಿ ತೀರಿಕೊಂಡ ದಿನ, ನಮ್ಮಲ್ಲಿಯ ರೂಢಿಯಂತೆ, ಆಕೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು ಹೂವು ಹಾಕಿದರು. "ಈಗರ ತಗಿಯೋ, ಒಂದೂ ಫೋಟೊ ಇಲ್ಲ ಆಕೀದು," ಎಂದರು ಹಿರಿಯರು. ದೊಡ್ಡಪ್ಪ ಅಳುತ್ತಲೇ ತೆಗೆದ. ಮುಖದ ಒಂದೊಂದು ಗೆರೆಯೂ ಮೂಡಿತು. ಆಮೇಲೆ ಅವನು ಆ ಕ್ಯಾಮೆರಾ ಮುಟ್ಟಲಿಲ್ಲ. ಕೆಲವು ವರ್ಷಕ್ಕೆ ಅವನೂ ಹೋದ, ಮನೆ ಪಾಲಾಯಿತು, ನಮ್ಮೆಲ್ಲರ ಗಾಜುಗಳು ಸಾಮಾನು ಸಾಗಿಸುವಾಗ ಒಡೆದು ಹೋದವು. ಉಳಿದದ್ದು ಅದೊಂದೇ.

ಈಗ ಅದು ಸಿಂದಗಿಯಲ್ಲಿ, ನನ್ನ ತಮ್ಮನ ಮನೆಯ ಪಡಸಾಲೆಯ ಗೋಡೆಯ ಮೇಲಿದೆ. ಹೋದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. "ಇದನ್ನ ತಗಿಯೋ. ಆಯಿ ಹಿಂಗಿರಲಿಲ್ಲ," ಎಂದು ಮೊನ್ನೆಯೂ ರೇಗಿದೆ.

"ಇರೂದು ಇದೊಂದ ಐತಲ್ಲಕ್ಕಾ," ಎಂದ ತಮ್ಮ.

ಅವನ ಮಗಳು ಹತ್ತಿರ ಬಂದು, "ಮತ್ತ ಹೆಂಗಿದ್ಲು, ಅತ್ತಿ?" ಎಂದು ಕೇಳಿದಳು.

ಹೇಳಲು ಬಾಯಿ ತೆರೆದೆ. ಆಯಿಯ ಕೈ ನೆನಪಾಯಿತು, ಕೂಗು ನೆನಪಾಯಿತು. ಮುಖ ಮಾತ್ರ, ಎಷ್ಟು ಬಿಗಿಯಾಗಿ ಕಣ್ಣು ಮುಚ್ಚಿಕೊಂಡರೂ, ಆ ಗೋಡೆಯ ಮೇಲಿನದೇ ಬಂತು.