ಅರ್ಧ ಸುಳಿ

ಚಹಾಕ್ಕೆ ಸಕ್ಕರೆ ಹಾಕಿ ಚಮಚ ತಿರುಗಿಸುವಾಗಲೆಲ್ಲ ನನಗೆ ಒಳಗೊಳಗೇ ನಾಚಿಕೆಯಾಗುತ್ತದೆ. ಲೋಟದ ನಡುವೆ ಏಳುತ್ತದಲ್ಲ ಸುಳಿ, ಅದೇ ನನ್ನ ತಮ್ಮ ಬಸುವಿನ ಓದು. ನಗಬೇಡಿ, ಅದಕ್ಕೂ ವಿದ್ಯಾರ್ಥಿವೇತನ ಕೊಡುತ್ತಾರೆ.

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಕಳವಾ ಎಂಬ ಊರಿನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅವನು ತನ್ನ ಓದಿನ ಕುರಿತ ಭಾಷಣದ ತಾಲೀಮು ಮಾಡುತ್ತಿದ್ದಾಗ ಕೇಳುವವಳು ನಾನೊಬ್ಬಳೇ, ಅದೂ ಮೆಂತೆ ಸೊಪ್ಪು ಸೋಸುತ್ತ. ನಾಲ್ಕಾರು ಪರಮಾಣುಗಳನ್ನು ವಿಪರೀತ ತಣ್ಣಗೆ ಮಾಡಿ ತಿರುಗಿಸುತ್ತಾರಂತೆ. ಮೆಲ್ಲಗೆ ತಿರುಗಿಸಿದರೆ ಅವು ಜಪ್ಪಯ್ಯ ಎಂದರೂ ತಿರುಗುವುದಿಲ್ಲ. ವೇಗ ಒಂದು ಮಿತಿ ದಾಟಿತೋ, ಅಂಚಿನಿಂದ ಸುಳಿಯೊಂದು ನುಗ್ಗಿ ನಡುವೆ ಕೂರುತ್ತದೆ.

“ಅರ್ಧ ಸುಳಿ ಅಂಬೋದಿಲ್ಲಕ್ಕಾ. ಬಂದ್ರ ಇಡೀದು, ಇಲ್ಲಾಂದ್ರ ಇಲ್ಲ,” ಎಂದ.

ಹೂಂ ಎಂದೆ. ನನಗೆ ತಿಳಿದದ್ದು ಮೆಂತೆಯಲ್ಲಿ ಹುಲ್ಲು ಬಹಳವಿದೆ ಎಂಬುದಷ್ಟೇ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ನಲ್ಲಿಯ ಸಾಲಿನಲ್ಲಿ, ನನ್ನ ತಮ್ಮ ತಿರುಗುವ ವಸ್ತುಗಳಲ್ಲಿ ಪಂಡಿತ ಎಂದು ಬೀಗಿದೆ. ಸಂಜೆಗೇ ಎದುರು ಕೋಣೆಯ ಮರಾಠಿ ಚಿಕ್ಕಮ್ಮ, ನಮ್ಮೆಲ್ಲರ ಮಾವಶಿ, ಕೆಟ್ಟ ಮಿಕ್ಸರ್ ತಂದಳು. ಹಿಂದೆಯೇ ಒಂದು ಟೇಬಲ್ ಫ್ಯಾನು, ಕೊನೆಗೆ ಇಬ್ಬರು ಹೊತ್ತು ತಂದ ವಾಷಿಂಗ್ ಮಷೀನು. ಬೆಳಗಾದರೆ ಅವನ ಭಾಷಣ. ನಿಜ ಹೇಳಿದರೆ ನನ್ನ ಮಾನ ಹೋಗುತ್ತಿತ್ತು; ನೋಡಿಕೊಡು ಎಂದೆ. ಬಸು ಕಾಗದ ಮಡಚಿಟ್ಟು, ಭುಜದವರೆಗೆ ಕೈಹಾಕಿ, ಮಷೀನಿನ ಹೊಟ್ಟೆಯಿಂದ ಮಗುವಿನ ಕಾಲುಚೀಲ ಹೊರತೆಗೆದ. ಓದಿದ್ದು ಸಾರ್ಥಕವಾಯಿತೆಂದು ಮಾವಶಿ ಮರಾಠಿಯಲ್ಲಿ ಹರಸಿದಳು.

ಮರುದಿನ ಭಾಷಣದ ನಡುವೆ ತಡವರಿಸಿದನಂತೆ. ನನ್ನನ್ನು ಬೈಯಲಿಲ್ಲ. ಆದರೆ ಅಂದಿನಿಂದ ಏನು ಓದುತ್ತಿದ್ದೀ ಎಂದರೆ, “ಏನಿಲ್ಲ ಬಿಡಕ್ಕಾ.” ದೂರದೂರಿಗೆ ಹೋದ ಮೇಲೆ ಫೋನಿನಲ್ಲೂ ಅದೇ. ಬೈದಿದ್ದರೆ ವಾಸಿಯಿತ್ತು.

ಇಂದು ಬೆಳಿಗ್ಗೆ ಡೊಂಬಿವಲಿಯಲ್ಲೇ ತುಂಬಿದ್ದ ಲೋಕಲ್ ರೈಲು ಕಳವಾಕ್ಕೆ ಬಂತು. ಹೆಂಗಸರ ಡಬ್ಬಿಯ ಬಾಗಿಲಲ್ಲಿ ಮೆಲ್ಲಗೆ ತಳ್ಳಿದೆ, ಯಾರೂ ಕದಲಲಿಲ್ಲ. ಹಿಂದಿನ ನೂಕು ಏರುತ್ತಲೇ ಹೋಗಿ, ಥಟ್ಟನೆ ಇಡೀ ನಾನು, ಕೈಯಲ್ಲಿದ್ದ ಡಬರಿ ಪಾತ್ರೆಯ ಸಮೇತ, ನಟ್ಟನಡುವೆ ಇದ್ದೆ. ಗಂಡಸರ ಡಬ್ಬಿಯಲ್ಲಿ ಅರ್ಧ ಹೊರಗೆ ನೇತಾಡುತ್ತಾರೆ ಎನ್ನುತ್ತೀರಿ. ಅವರಿಗೆ ಯಾವ ನಿಯಮವೂ ಅನ್ವಯಿಸುವುದಿಲ್ಲ.

ಈಗ ಮನೆಗೆ ಬಂದು, ಚಹಾ ಮುಂದಿಟ್ಟುಕೊಂಡು ಬಸುವಿಗೆ ಫೋನು ಮಾಡಿ ಇದನ್ನೇ ಹೇಳಿದೆ. ಅಂದು ಸುಮ್ಮನೆ ಹೂಂ ಎಂದಿದ್ದೆ ಎಂದೂ ಒಪ್ಪಿಕೊಂಡೆ. “ಈಗ ಅರ್ಧ ತಿಳದೈತಪ್ಪಾ.”

ಚಹಾಕ್ಕೆ ಸಕ್ಕರೆ ಹಾಕಿ ಚಮಚ ತಿರುಗಿಸಿದೆ.

“ಅರ್ಧ ಅಂಬೋದಿಲ್ಲಕ್ಕಾ,” ಎಂದ, ನಗು ನುಂಗುತ್ತ. “ಮೊದಲಿಂದ ಹೇಳ್ತೀನಿ, ಕೇಳು.”

ಸೋಸಲು ತಂದಿಟ್ಟಿದ್ದ ಮೆಂತೆ ಕಟ್ಟನ್ನು ದೂರ ಸರಿಸಿದೆ. ತಿಳಿಯದ ಕಡೆಯೆಲ್ಲ ಅವನನ್ನು ತಡೆದು ಕೇಳಿದೆ. ಎಷ್ಟು ತಡೆದೆನೆಂದರೆ, ಚಹಾ ಅವನ ಪರಮಾಣುಗಳಷ್ಟೇ ತಣ್ಣಗಾಯಿತು.